ಕೆಮ್ಮಿಲ್ಲದ ಮನೆ

ಆ ವರ್ಷ ಹೊನ್ನೂರಪ್ಪ ನಮ್ಮೂರಿನ ಹೊತ್ತನ್ನು ಅಂಟುವಾಳದ ನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಹೆಂಡತಿ ಹಾಕಿದ್ದ ಸಂಡಿಗೆಯ ಪಕ್ಕದಲ್ಲಿ ಬಿಸಿಲಿಗೆ ಒಣಹಾಕಿದ. ಸಂಡಿಗೆ ಚೆನ್ನಾಗಿ ಒಣಗಿತು. ಹೊತ್ತು ಹಪ್ಪಳವಾಯಿತು.

ಹೊತ್ತು ಅಂದರೆ ರೆಕಾರ್ಡು. ನಮ್ಮೂರಿನಲ್ಲಿ ಗಡಿಯಾರ ನಡೆಯುವುದಿಲ್ಲ. ಕಾಲುವೆಯ ಸೇತುವೆ ದಾಟಿ ಒಳಗೆ ಬರುತ್ತಿದ್ದಂತೆ ಎಂಥ ಗಡಿಯಾರವೂ ನಿಂತುಬಿಡುತ್ತದೆ. ಹೊರಗಿನಿಂದ ಬಂದ ಅಳಿಯಂದಿರು ಎರಡು ದಿನ ಕೈ ಒದರಿ ಒದರಿ ನೋಡಿಕೊಂಡು, ಮೂರನೇ ದಿನ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅದರ ಬದಲು ನಮ್ಮಲ್ಲಿ ರೆಕಾರ್ಡು ನಡೆಯುತ್ತದೆ. ಸೂರ್ಯ ಹುಟ್ಟುವಾಗ ಮುಳ್ಳು ಇಟ್ಟರೆ ಮುಳುಗುವಾಗ ಒಂದು ಬದಿ ಮುಗಿಯುತ್ತದೆ. ಬೇರೆ ಊರುಗಳಲ್ಲಿ ಇದೇ ಬದಿ ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುತ್ತದಂತೆ. ಅವರಿಗೆ ಅದೇನು ಅರ್ಜೆಂಟೋ.

ಊರಿನಲ್ಲಿ ಇರುವುದೆಲ್ಲ ಒಂದೇ ಹಾಡಿನ ರೆಕಾರ್ಡು. ಕಾಲುವೆ ದಂಡೆಯಲ್ಲಿ ಈಗ ಎಮ್ಮೆ ಕಟ್ಟುವ ಶೆಡ್ಡು ಇದೆಯಲ್ಲ, ಅಲ್ಲಿ ಹಿಂದೆ ರೆಕಾರ್ಡು ಒತ್ತುವ ಕಾರ್ಖಾನೆ ಇತ್ತು. ಯಾವುದೋ ದೂರದ ಊರಿನ ಗಾಯಕಿಯೊಬ್ಬರು ಬಂದು ಹಾಡಿ ಹೋದರು. ಅವರು ಹಾಡಿದ ಪ್ರಕಾರ ನಾವು ಬದುಕುತ್ತಿದ್ದೇವೆ. ತಂಬೂರಿ ಕೇಳಿದರೆ ಹಾಲು ಕರೆಯುವುದು, ಆಲಾಪ ಶುರುವಾದರೆ ಅಂಗಡಿ ತೆಗೆಯುವುದು, ತಬಲಾ ಬಿದ್ದರೆ ಶಾಲೆ. ನಡುಮಧ್ಯಾಹ್ನ, ಹಾಡಿನ ನಟ್ಟನಡುವೆ, ಆ ಮಹಾತಾಯಿ ಒಂದು ಸಲ ಕೆಮ್ಮುತ್ತಾರೆ. ಖೊಕ್. ಅದು ನಮ್ಮ ಊಟದ ಹೊತ್ತು. ಕೆಮ್ಮಿನಿಂದ ಪಿಟೀಲು ಶುರುವಾಗುವವರೆಗೆ ಊಟ. ಪಿಟೀಲು ಕೇಳಿದ ಮೇಲೂ ಎಲೆಯ ಮುಂದೆ ಕೂತವನು ಸೋಮಾರಿ, ಕೆಮ್ಮಿಗೆ ಮೊದಲೇ ಕೂತವನು ಹೊಟ್ಟೆಬಾಕ. ಕೆಮ್ಮು ಬಿದ್ದಾಗ ನಿಮ್ಮ ಬಾಗಿಲ ಮುಂದೆ ಯಾರಿರುತ್ತಾರೋ ಅವರಿಗೆ ನಿಮ್ಮ ಮನೆಯಲ್ಲೇ ಊಟ. ಮಾತು ಬಿಟ್ಟವನಾದರೂ ನೀವು ಕರೆಯಲೇಬೇಕು, ಅವನು ಬರಲೇಬೇಕು. ಹಾಗಾಗಿ ಅಡುಗೆ ಚೆನ್ನಾಗಿರುವ ಮನೆಗಳ ಮುಂದೆ ಆ ಹೊತ್ತಿಗೆ ಯಾವಾಗಲೂ ನಾಲ್ಕು ಜನ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿರುತ್ತಾರೆ. ನಮ್ಮ ಅತ್ತಿಗೆಯ ಮನೆ ಮುಂದೆ ಯಾರೂ ನಿಂತದ್ದನ್ನು ನಾನು ಕಂಡಿಲ್ಲ.

ಇಷ್ಟೇ ಆಗಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ. ಗಾಯಕಿಗೆ ತಮ್ಮ ಕೆಮ್ಮು ಅಚ್ಚಾಗಿದೆ ಎಂದು ಆಮೇಲೆ ಗೊತ್ತಾಯಿತು. ಅವರು ನಾಚಿಕೊಂಡು, ಮತ್ತೆ ಬಂದು, ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಹಾಡಿದರು. ಅದು ಎರಡನೇ ಅಚ್ಚು. ನೋಡಲು ಎರಡೂ ಒಂದೇ. ಅದೇ ಕವರು, ಅದೇ ಕೆಂಪು ಲೇಬಲ್ಲು. ಎರಡನೆಯದರಲ್ಲಿ ಕೆಮ್ಮಿಲ್ಲ. ಕೆಮ್ಮಿಲ್ಲದ ರೆಕಾರ್ಡನ್ನು ಇಟ್ಟುಕೊಂಡು ಮನುಷ್ಯ ಎಷ್ಟು ಹೊತ್ತಿಗೆ ಉಣ್ಣಬೇಕು? ಸ್ವಂತ ಕೆಮ್ಮಿಗೆ ಉಣ್ಣುವವರು ಮರ್ಯಾದಸ್ಥರು. ಪುರಸಭೆಯ ಗೋಪುರದ ಮೇಲಿನ ಮೈಕಿನಲ್ಲಿ ಬರುವ ಊರ ಕೆಮ್ಮಿಗೆ ಕಾದು ಉಣ್ಣುವವರು ಕೆಮ್ಮಿಲ್ಲದ ಮನೆಯವರು. ಅಂಥ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಗಂಡು ಚೆನ್ನಾಗಿದ್ದಾನೆ, ಓದಿದ್ದಾನೆ, ಆದರೆ ಮನೆಯಲ್ಲಿ ಕೆಮ್ಮಿಲ್ಲ ಎಂದರೆ ಮಾತು ಅಲ್ಲಿಗೆ ಮುಗಿಯಿತು.

ಯಾವುದು ಯಾವ ಅಚ್ಚು ಎಂದು ಹೇಳುವವಳು ನಾನು, ಗಂಗಾಂಬಿಕೆ, ಪುರಸಭೆಯ ಗೀರು ಪರೀಕ್ಷಕಿ. ರೆಕಾರ್ಡಿನಲ್ಲಿ ಹಾಡಿನ ಗೆರೆಗಳು ಮುಗಿದು ಲೇಬಲ್ಲು ಶುರುವಾಗುವ ಮುನ್ನ ಒಂದು ಬೆರಳಗಲ ಬೋಳು ಜಾಗ ಇರುತ್ತದೆ. ಅಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂತೆ, ಕಾರ್ಖಾನೆಯ ಮಸ್ತಾನ್ ಸಾಬರು ಸೂಜಿಯಲ್ಲಿ ಗೀರಿದ ಗುರುತುಗಳಿವೆ. ಪೂರ್ತಿ ಸುತ್ತು ಇದ್ದರೆ ಮೊದಲ ಬದಿ, ಅರ್ಧ ಸುತ್ತು ಇದ್ದರೆ ಹಿಂಬದಿ. ಪಕ್ಕದಲ್ಲಿ ಒಂದು ಗೀರು ಇದ್ದರೆ ಮೊದಲ ಅಚ್ಚು, ಎರಡಿದ್ದರೆ ಎರಡನೇ ಅಚ್ಚು. ಕಾರ್ಖಾನೆ ಮುಚ್ಚಿದ ಮೇಲೆ ಸಾಬರು ನನಗೆ ಇದನ್ನು ಓದುವುದು ಕಲಿಸಿದರು. "ಲೇಬಲ್ ಅಂಟಿಸೋರು ಮಾತಾಡ್ಕೊಂಡು ಅಂಟಿಸ್ತಾರಮ್ಮ, ಗೀರು ಹಾಕೋನು ಉಸಿರು ಬಿಗಿಹಿಡಿದು ಹಾಕ್ತಾನೆ. ನೀನು ಯಾರನ್ನ ನಂಬ್ತೀಯ?" ಎನ್ನುತ್ತಿದ್ದರು. "ಮೊದ್ಲು ಸುತ್ತು ನೋಡು, ಆಮೇಲೆ ಗೀರು ಎಣಿಸು. ಉಲ್ಟಾ ಮಾಡ್ಬೇಡ." ಈ ಮಾತನ್ನು ನಾನು ಎಷ್ಟು ಜನರಿಗೆ ಉಪದೇಶ ಮಾಡಿದ್ದೇನೋ ಲೆಕ್ಕವಿಲ್ಲ.

ಸಂಜೆ ಹೊನ್ನೂರಪ್ಪ ಊರ ರೆಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿ, ಮಗು ಎತ್ತಿಕೊಂಡವನ ಹಾಗೆ ನಮ್ಮ ಮನೆಗೆ ಬಂದ. ಗೋಪುರದಲ್ಲಿ ದಿನಾ ಮುಳ್ಳು ಇಡುವವನು ಅವನೇ. ಇಪ್ಪತ್ತು ವರ್ಷದಲ್ಲಿ ಅವನು ತಪ್ಪಿಸಿದ್ದು ತೊಳೆದು ಒಣಹಾಕಿದ ಆ ಒಂದೇ ದಿನ.

"ಅಕ್ಕಾ, ಬೈಬಾರ್ದು. ಒಂಚೂರು ನೋಡಕ್ಕ, ಸರಿ ಹೋಗುತ್ತಾ?"

ಟವೆಲ್ಲು ಬಿಚ್ಚಿ ನೋಡಿದೆ. ರೆಕಾರ್ಡಿನ ನಾಲ್ಕು ಕಡೆಯೂ ಮೇಲೆದ್ದು ನಡುವೆ ಗುಳಿ ಬಿದ್ದಿತ್ತು. ಒಂದು ಸಂಡಿಗೆಯೂ ಅಂಟಿಕೊಂಡಿತ್ತು.

"ಸರಿ ಹೋಗುತ್ತೆ. ಎಣ್ಣೆ ಕಾಯಿಸಿ ಕರಿದುಬಿಡು," ಎಂದೆ.

ಅವನು ಅಲ್ಲೇ ಕೂತು ಅತ್ತ. ಅಳಬೇಕಾದ್ದೇ. ಕಾರ್ಖಾನೆಯವರು ಪುರಸಭೆಗೆ ಕೊಟ್ಟುಹೋಗಿದ್ದ ಹತ್ತು ರೆಕಾರ್ಡುಗಳಲ್ಲಿ ಒಂಬತ್ತು ತಿರುಗಿ ತಿರುಗಿ ಸವೆದು, ಇದೇ ಕೊನೆಯದಾಗಿತ್ತು.

ಮೊದಲ ಅಚ್ಚು ಇರುವ ಮನೆಗಳು ಊರಿನಲ್ಲಿ ಹನ್ನೊಂದು ಎಂದು ನನ್ನ ಗೀರು ಪುಸ್ತಕದಲ್ಲಿತ್ತು. ಮರುದಿನ ಬೆಳಗಾಗುವ ಮುನ್ನವೇ ನಾನೂ ಪುರಸಭೆಯ ಅಧ್ಯಕ್ಷೆ ಸರ್ವಮಂಗಳಮ್ಮನೂ ಹೊರಟೆವು. ಹನ್ನೊಂದೂ ಮನೆಯವರು ದಿನಾ ಹಾಕಿ ಹಾಕಿ, ಹಾಡೆಲ್ಲ ಒಗ್ಗರಣೆ ಸಿಡಿದ ಸದ್ದಾಗಿತ್ತು. ಜಾಗೀರ್ದಾರರ ಮನೆಯಲ್ಲಿ ಮಾತ್ರ ಆ ಮನೆಯಾಕೆ ಎದೆ ಉಬ್ಬಿಸಿ, "ನಮ್ಮನೆ ಕೆಮ್ಮಿಗೇನಾಗಿದೆ, ಇವತ್ತಿಗೂ ಗಂಟೆ ಹೊಡೆದ ಹಾಗೆ ಬೀಳುತ್ತೆ," ಎಂದರು. ಹಾಕಿ ನೋಡಿದರೆ ಅಲ್ಲೂ ಒಗ್ಗರಣೆಯೇ. ವಿಚಾರಿಸಿದಾಗ ಗೊತ್ತಾಯಿತು, ಆರು ವರ್ಷದಿಂದ ಹಿಂದಿನ ಕೋಣೆಯಲ್ಲಿ ಅವರ ಮಾವನವರು ಕೆಮ್ಮುತ್ತಿದ್ದರು. ಊರ ಕೆಮ್ಮು ಬಿದ್ದ ತಕ್ಷಣ ಕೆಮ್ಮಬೇಕೆಂದು ಆ ಮುದುಕರನ್ನು ಕಿಟಕಿಯ ಹತ್ತಿರ ಕೂರಿಸಿದ್ದರು.

ಇದ್ದುದರಲ್ಲಿ ವಾಸಿಯಾದ ಒಂದನ್ನು ಗೋಪುರದಲ್ಲಿ ಹಾಕಿದೆವು. ಮಧ್ಯಾಹ್ನ ಊರಿಗೆ ಊರೇ ಎಲೆ ಹಾಕಿಕೊಂಡು ಕಿವಿ ನಿಮಿರಿಸಿ ಕೂತಿತು. ಚಿಟಿಪಿಟಿ, ಚಿಟಿಪಿಟಿ. ಅದರೊಳಗೆ ಕೆಮ್ಮು ಯಾವುದು, ಸಿಡಿದದ್ದು ಯಾವುದು ಎಂದು ಯಾರಿಗೂ ತಿಳಿಯಲಿಲ್ಲ. ಒಬ್ಬರು ಬಿತ್ತು ಎಂದರು, ಒಬ್ಬರು ಇಲ್ಲ ಎಂದರು, ಒಂದು ಬೀದಿಯಲ್ಲಿ ಅರ್ಧ ಜನ ಉಂಡು ಅರ್ಧ ಜನ ಅವರನ್ನು ಬೈದರು. ಸೂರ್ಯ ಮುಳುಗಿದ ಮೇಲೆ ಹಸಿದವರೆಲ್ಲ ಮಧ್ಯಾಹ್ನದ ಅನ್ನವನ್ನು ರಾತ್ರಿ ಊಟವೆಂದು ಕರೆದು ತಿಂದರು.

ಎರಡನೇ ದಿನ ಸರ್ವಮಂಗಳಮ್ಮ ಹೊನ್ನೂರಪ್ಪನನ್ನೇ ಮೈಕಿನ ಮುಂದೆ ಕೂರಿಸಿ ಕೆಮ್ಮಿಸಿದರು. ಅವನು ಬಾಲ್ಯದಿಂದ ಒಂದು ನೆಗಡಿಯೂ ಕಾಣದ ಗಟ್ಟಿ ಆಳು. ಮೈಕು ನೋಡಿ ಹೆದರಿ ಕೆಮ್ಮಿನ ಬದಲು ಬಿಕ್ಕಳಿಸಿದ. ಬಿಕ್ಕಳಿಕೆಗೆ ಉಣ್ಣಬಹುದೇ ಬಾರದೇ ಎಂದು ಜನ ವಾದಕ್ಕಿಳಿದರು. ಅಷ್ಟರಲ್ಲಿ ಇನ್ನೊಂದು ಅನಾಹುತ ಶುರುವಾಗಿತ್ತು. ಕೆಮ್ಮಿಗೆ ಕಾದು ಕಾದು ಜನ ಯಾರು ಕೆಮ್ಮಿದರೂ ಕೈ ತೊಳೆಯಲು ಓಡತೊಡಗಿದರು. ಮೆಣಸಿನಕಾಯಿ ಮಂಡಿಯಲ್ಲಿ ಮೂಟೆ ಬಿಚ್ಚಿದಾಗಲೆಲ್ಲ ಎಲ್ಲರೂ ಕೆಮ್ಮುತ್ತಾರಲ್ಲ, ಆ ಬೀದಿಯವರು ಒಂದೇ ದಿನ ಒಂಬತ್ತು ಸಲ ಊಟ ಮಾಡಿ ನೆಲಕ್ಕೆ ಒರಗಿದರು.

"ನೋಡು ಗಂಗಾಂಬಿಕಾ," ಎಂದರು ಸರ್ವಮಂಗಳಮ್ಮ, ಹಸಿವಿನಿಂದಲೋ ಸಿಟ್ಟಿನಿಂದಲೋ ಕೆಂಪಾಗಿ. "ಕೊನೇದು ಒಂದೇ ಉಳಿದಿದೆ ಅಂತ ಎರಡು ವರ್ಷದ ಹಿಂದೇನೇ ನೀನು ಹೇಳ್ಬೇಕಾಗಿತ್ತು. ಈಗ ಮೊದಲನೇ ಅಚ್ಚು ಇಲ್ಲ ಅಂದ್ರೆ ಎರಡನೇದೇ ತಾ. ಸವೆದಿರ್ಬಾರ್ದು ಅಷ್ಟೆ. ಮಿಕ್ಕ ಹಾಡಾದ್ರೂ ಕೇಳ್ಲಿ, ಕೆಮ್ಮಿಗೆ ಇವನನ್ನ ತಯಾರು ಮಾಡೋಣ. ನಾಳೆ ಬೆಳಗ್ಗೆ ಆಗ್ಲಿಲ್ವಾ, ಆ ಭೂತಗನ್ನಡಿ ಮೇಜಿನ ಮೇಲಿಟ್ಟು ಮನೆಗೆ ಹೋಗು."

ಸವೆಯದ ರೆಕಾರ್ಡು ಊರಿನಲ್ಲಿ ಒಂದೇ ಇತ್ತು. ಅದು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು, ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕೊಡೆ ರಿಪೇರಿ ಓಂಕಾರಪ್ಪನ ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಯ ಮೇಲೆ ಮುಚ್ಚಳವಾಗಿ.

ಆ ಬೀದಿಗೆ ನಾನು ಮೂವತ್ತೊಂದು ವರ್ಷ ಕಾಲಿಟ್ಟಿರಲಿಲ್ಲ. ನನ್ನ ಕೊಡೆಯ ಎರಡು ಕಡ್ಡಿ ಮುರಿದು ಎಷ್ಟೋ ಮಳೆಗಾಲ ಕಳೆದಿದ್ದವು. ಎಡಭುಜ ನೆನೆಸಿಕೊಂಡೇ ಓಡಾಡುತ್ತಿದ್ದೆನೇ ಹೊರತು ರಿಪೇರಿಗೆ ಕೊಟ್ಟಿರಲಿಲ್ಲ. ಕಾರಣ ಹೇಳುತ್ತೇನೆ. ನನಗೆ ಇಪ್ಪತ್ತನಾಲ್ಕು ವರ್ಷವಿದ್ದಾಗ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಓಂಕಾರಪ್ಪನ ಮನೆಯಿಂದ ಸಂಬಂಧ ಬಂತು. ಅವರಪ್ಪ ಕಾರ್ಖಾನೆ ಮುಚ್ಚಿದ ದಿನ ಒಂದು ಹೊಸ ರೆಕಾರ್ಡು ತಂದು, ಮಗನ ಮದುವೆಯ ದಿನವೇ ಅದಕ್ಕೆ ಮೊದಲ ಮುಳ್ಳು ಇಡಬೇಕೆಂದು ಕವರು ಬಿಚ್ಚದೆ ಇಟ್ಟಿದ್ದರು. ನಮ್ಮಲ್ಲಿ ಪದ್ಧತಿಯೇ ಹಾಗೆ. ಮನೆ ನೋಡಲು ಹೋದಾಗ ಹೆಣ್ಣಿನ ಕಡೆಯವರು ಮೊದಲು ರೆಕಾರ್ಡು ಪರೀಕ್ಷೆ ಮಾಡಿಸಬೇಕು. ಪರೀಕ್ಷೆ ಮಾಡುವವಳು ನಾನೇ, ಮದುವೆಯಾಗುವವಳೂ ನಾನೇ. ಹಿರಿಯರ ಹಿಂದೆ ಭೂತಗನ್ನಡಿ ಹಿಡಿದುಕೊಂಡು ಹೋದೆ. ಓಂಕಾರಪ್ಪ ಬಾಗಿಲ ಸಂದಿಯಿಂದ ನೋಡಿ ನಕ್ಕ. ರೆಕಾರ್ಡಿನ ಮೊದಲ ಬದಿ ಎಂದು ಬರೆದಿದ್ದ ಲೇಬಲ್ಲಿನ ಪಕ್ಕ ಎರಡು ಗೀರು ಕಂಡವು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಎರಡನೇ ಅಚ್ಚು," ಎಂದೆ. ಹಿರಿಯರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಎದ್ದರು. ಅವನ ತಾಯಿ ಮಾಡಿದ್ದ ಒಬ್ಬಟ್ಟು ತಟ್ಟೆಯಲ್ಲೇ ಉಳಿಯಿತು. ಆಮೇಲೆ ಬಂದ ಎರಡು ಮೂರು ಸಂಬಂಧಗಳಿಗೆ ನಾನು ಬೇಡ ಅಂದೆ, ಅವನಿಗಂತೂ ಬರಲೇ ಇಲ್ಲ. ಸ್ವಂತ ಸುಖ ಹೋದರೂ ಗೀರು ಸುಳ್ಳು ಓದದವಳು ಎಂದು ಊರು ನನ್ನನ್ನು ಹೊಗಳಿತು. ಆ ಹೊಗಳಿಕೆಯನ್ನೇ ನೆಂಚಿಕೊಂಡು ಮೂವತ್ತೊಂದು ವರ್ಷ ಒಬ್ಬಳೇ ಉಂಡಿದ್ದೇನೆ.

ಓಂಕಾರಪ್ಪ ಜಗಲಿಯ ಮೇಲೆ ಕೂತು ಒಂದು ಕೊಡೆಗೆ ಬಟ್ಟೆ ಹೊಲಿಯುತ್ತಿದ್ದ. ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿ, ಆಮೇಲೆ ನನ್ನ ಕೊಡೆಯನ್ನು ನೋಡಿ, "ಎರಡು ಕಡ್ಡಿ," ಎಂದ.

"ಕೊಡೆಗಲ್ಲ ಬಂದಿದ್ದು. ಪುರಸಭೆಗೆ ನಿಮ್ಮ ರೆಕಾರ್ಡು ಬೇಕಾಗಿದೆ."

"ನಮ್ಮನೇಲಿ ರೆಕಾರ್ಡಿಲ್ವಲ್ಲ ಗಂಗಾಂಬಿಕೆಯವ್ರೇ. ಮುಚ್ಚಳ ಇದೆ."

"ಮುಚ್ಚಳಾನೇ ಕೊಡಿ."

"ಎರಡನೇ ಅಚ್ಚಿಗೂ ಬೆಲೆ ಬಂತಾ? ನಮ್ಮಮ್ಮ ಇರ್ಬೇಕಾಗಿತ್ತು," ಎಂದು ಎದ್ದ. ಭರಣಿಯ ಮೇಲಿನಿಂದ ಅದನ್ನು ತಂದು ನನ್ನ ಕೈಗೆ ಕೊಟ್ಟು, "ನಿಂತಿರಿ, ಮಜ್ಜಿಗೆ ತರ್ತೀನಿ. ಶತ್ರು ಬಂದ್ರೂ ಮಜ್ಜಿಗೆ ಕೊಡ್ಬೇಕು ಅಂತ ನಮ್ಮಮ್ಮ ಹೇಳಿದಾರೆ," ಎಂದು ಒಳಗೆ ಹೋದ.

ರೆಕಾರ್ಡಿನ ತುಂಬ ನಿಂಬೆಕಾಯಿ ಉಪ್ಪಿನಕಾಯಿಯ ಎಣ್ಣೆ. ಸೆರಗಿನಿಂದ ಮೇಲೆ ಒರೆಸಿದೆ. ಮೊದಲ ಬದಿ, ಎರಡು ಗೀರು, ಅಂದು ಕಂಡದ್ದೇ. ಕೆಳಗಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಅದನ್ನೂ ಒರೆಸೋಣವೆಂದು ಮಗುಚಿದೆ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮೂರಿನಲ್ಲಿ ಯಾರೂ ರೆಕಾರ್ಡು ಮಗುಚುವುದಿಲ್ಲ. ಮಗುಚಿದರೆ ದಿನ ಮಗುಚಿಕೊಳ್ಳುತ್ತದೆಂದು ಮಕ್ಕಳಿಗೂ ಹೇಳಿ ಬೆಳೆಸುತ್ತೇವೆ. ಹಿಂಬದಿಯಲ್ಲಿ ಯಾವ ಹಾಡಿದೆ ಎಂದು ಕೇಳಿದವರೇ ಇಲ್ಲ. ಪರೀಕ್ಷಕಿಯಾದ ನಾನೂ ಒಂದೇ ಒಂದು ರೆಕಾರ್ಡನ್ನು ಮಗುಚಿದವಳಲ್ಲ. ಆದರೆ ಮುಚ್ಚಳವನ್ನು ಮಗುಚಬಾರದೆಂದು ಯಾರೂ ಹೇಳಿಲ್ಲವಲ್ಲ.

ಹಿಂಬದಿ ಎಂದು ಬರೆದ ಲೇಬಲ್ಲಿನ ಪಕ್ಕ, ಬೋಳು ಜಾಗದಲ್ಲಿ, ಒಂದು ಪೂರ್ತಿ ಸುತ್ತು ಇತ್ತು. ಪಕ್ಕದಲ್ಲಿ ಒಂದೇ ಗೀರು.

ಭೂತಗನ್ನಡಿ ತೆಗೆದು ಮತ್ತೆ ನೋಡಿದೆ. ಒಂದೇ ಗೀರು. ಮತ್ತೆ ಮಗುಚಿದೆ. ಎರಡು ಗೀರಿನ ಪಕ್ಕ ಅರ್ಧ ಸುತ್ತು. ಕಾರ್ಖಾನೆಯ ಕೊನೆಯ ದಿನ ಯಾರೋ ಮಾತಾಡಿಕೊಂಡು ಲೇಬಲ್ಲುಗಳನ್ನು ಅದಲುಬದಲು ಅಂಟಿಸಿದ್ದರು. ನಾನು ಅಂದು ಓದಿದ್ದು ಹಿಂಬದಿಯನ್ನು. ಹಿಂಬದಿಯ ಅಚ್ಚು ಎರಡನೆಯದಾದರೇನು, ಹತ್ತನೆಯದಾದರೇನು! ಹಗಲು ಇದ್ದದ್ದು ಈ ಕಡೆ, ಕೆಮ್ಮು ಇದ್ದದ್ದು ಈ ಕಡೆ. ಸುತ್ತು ನೋಡುವ ಮುನ್ನ ಗೀರು ಎಣಿಸಿದ್ದೆ. ಎರಡು ಗೀರು ಕಂಡ ತಕ್ಷಣ ಕಣ್ಣು ಮಂಜಾಗಿ, ಮುಂದೆ ಏನನ್ನೂ ನೋಡಿರಲಿಲ್ಲ. ಲೇಬಲ್ಲು ನಂಬಬೇಡಿ ಎಂದು ಜಗತ್ತಿಗೆಲ್ಲ ಹೇಳಿಕೊಂಡು ತಿರುಗಿದವಳು ನಂಬಿದ್ದು ಒಂದು ಲೇಬಲ್ಲನ್ನು.

ಒಳಗೆ ಮಜ್ಜಿಗೆ ಕಡೆಯುವ ಸದ್ದು ಕೇಳುತ್ತಿತ್ತು. ಅವನು ಹೊರಗೆ ಬರುವುದರೊಳಗೆ ನಾನು ರೆಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀದಿಯ ತುದಿ ಮುಟ್ಟಿದ್ದೆ. "ಮಜ್ಜಿಗೆ!" ಎಂದು ಅವನು ಕೂಗಿದ್ದು ಕೇಳಿತು. ಐವತ್ತೈದು ವರ್ಷದ ಹೆಂಗಸು ಉಪ್ಪಿನಕಾಯಿ ವಾಸನೆ ಹೊಡೆಯುತ್ತಾ ಬೀದಿಯಲ್ಲಿ ಓಡುವುದನ್ನು ನೋಡಿ ಜನ ಎಲ್ಲೋ ಕೆಮ್ಮು ಬಿತ್ತೆಂದು ತಿಳಿದು ಕೈ ತೊಳೆಯಲು ಎದ್ದರು.

ಮನೆಯಲ್ಲಿ ಕೂತು ಯೋಚಿಸಿದೆ. ದಾರಿ ಸುಲಭವಾಗಿತ್ತು. ಎಮ್ಮೆ ಶೆಡ್ಡಿನ ಹಿಂದೆ, ಹಳೇ ಕಾರ್ಖಾನೆಯ ಮಣ್ಣಿನಲ್ಲಿ ಒಂದು ಮೊದಲ ಅಚ್ಚು ಸಿಕ್ಕಿತು ಅಂದರೆ ಊರೇ ನನ್ನನ್ನು ಹೊತ್ತು ಮೆರೆಸುತ್ತದೆ. ಓಂಕಾರಪ್ಪನಿಗೆ ಒಂದು ಒಳ್ಳೇ ಹಿತ್ತಾಳೆ ಮುಚ್ಚಳ ಕೊಡಿಸಿದರೆ ಮುಗಿಯಿತು. ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೋಗಲಿ. ನನ್ನ ಹೆಸರು ಹೋಗುತ್ತದೆ, ಅದೂ ಹೋಗಲಿ. ಆದರೆ ಮೂವತ್ತೊಂದು ವರ್ಷ ಒಬ್ಬಳೇ ಉಂಡದ್ದಕ್ಕೆ ನಿಯತ್ತು ಎಂಬ ಒಂದು ಕಾರಣವಿತ್ತು. ಅದು ನಿಯತ್ತಲ್ಲ, ಅಜಾಗರೂಕತೆ ಎಂದು ನಾನೇ ನನ್ನ ಬಾಯಿಂದ ಹೇಳಬೇಕಿತ್ತು. ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ಆ ಬೀದಿಯಲ್ಲಿ ಇನ್ನೊಬ್ಬನೂ ಒಬ್ಬನೇ ಉಂಡಿದ್ದ. ಅವನಿಗೆ ಯಾವ ಹೊಗಳಿಕೆಯೂ ನೆಂಚಿಕೊಳ್ಳಲು ಇರಲಿಲ್ಲ.

ಮರುದಿನ ಸೂರ್ಯ ಹುಟ್ಟುವ ಮುನ್ನ ಗೋಪುರದ ಕೆಳಗೆ ಊರೆಲ್ಲ ಸೇರಿತ್ತು. ಹೊಸ ರೆಕಾರ್ಡಿಗೆ ಮುಳ್ಳು ಇಡುವ ಮೊದಲು ಪರೀಕ್ಷಕಿ ತನ್ನ ಓದನ್ನು ಗೀರು ಪುಸ್ತಕದಲ್ಲಿ ಬರೆದು, ಮೈಕಿನಲ್ಲಿ ಓದಿ ಹೇಳಬೇಕು. ಸರ್ವಮಂಗಳಮ್ಮ, "ಎಲ್ಲಿಂದ ತಂದೆ ಅಂತಾನೂ ಹೇಳ್ಬಿಡು," ಎಂದರು. ನಾನು ಹಳೆಯ ಪುಟ ತೆಗೆದೆ. ನನ್ನದೇ ದುಂಡನೆಯ ಅಕ್ಷರ: ಕೊಡೆ ಓಂಕಾರಪ್ಪನವರ ಮನೆ, ಎರಡನೇ ಅಚ್ಚು, ಕೆಮ್ಮಿಲ್ಲ. ಅದರ ಮೇಲೆ ಅಡ್ಡ ಒಂದು ಗೆರೆ ಎಳೆದು ಮೈಕಿನ ಮುಂದೆ ನಿಂತೆ.

"ಇದು ಕೊಡೆ ಓಂಕಾರಪ್ಪನವರ ಮನೆ ರೆಕಾರ್ಡು. ಮೊದಲ ಅಚ್ಚು. ಕೆಮ್ಮಿದೆ. ಅವರ ಮನೆಯಲ್ಲಿ ಯಾವಾಗಲೂ ಕೆಮ್ಮಿತ್ತು. ಮೂವತ್ತೊಂದು ವರ್ಷದ ಹಿಂದೆ ನಾನು ತಪ್ಪು ಓದಿದೆ. ಸುತ್ತು ನೋಡದೆ ಗೀರು ಎಣಿಸಿದೆ. ತಪ್ಪು ರೆಕಾರ್ಡಿನದ್ದಲ್ಲ, ಅವರದ್ದಲ್ಲ, ನನ್ನದು." ನಾಲ್ಕೂ ದಿಕ್ಕಿನ ಹಾರ್ನುಗಳು ಇದನ್ನು ಒಂದಾದ ಮೇಲೊಂದು ಹೇಳಿದವು. ನನ್ನ ತಪ್ಪನ್ನು ನಾನು ನಾಲ್ಕು ಸಲ ಕೇಳಬೇಕಾಯಿತು.

ಹೊನ್ನೂರಪ್ಪ ಹಿಂಬದಿಯ ಲೇಬಲ್ಲು ಮೇಲೆ ಮಾಡಿ ರೆಕಾರ್ಡು ಇಟ್ಟಾಗ ಕೆಲವರು ದಿನ ಮಗುಚಿಕೊಳ್ಳುತ್ತದೆಂದು ಕಣ್ಣು ಮುಚ್ಚಿಕೊಂಡರು. ಮುಳ್ಳು ತಾಗಿತು. ತಂಬೂರಿ ಎದ್ದಿತು, ಹೊಸ ನೀರಿನ ಹಾಗೆ ತಿಳಿಯಾಗಿ. ಜನ ಹಾಲು ಕರೆಯಲು ಹೊರಟರು. ಸರ್ವಮಂಗಳಮ್ಮ ನನ್ನ ಭೂತಗನ್ನಡಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಕೆಮ್ಮು ಬೀಳ್ಲಿ. ಆಮೇಲೆ ನೋಡೋಣ," ಎಂದು ವಾಪಸು ಕೊಟ್ಟರು. ಕೆಮ್ಮು ಬಿದ್ದು ಪಿಟೀಲು ಕೇಳುವವರೆಗೆ ಹೊಸ ರೆಕಾರ್ಡಿನ ಮುಳ್ಳನ್ನು ನನ್ನ ಅಪ್ಪಣೆಯಿಲ್ಲದೆ ಯಾರೂ ಮುಟ್ಟುವ ಹಾಗಿಲ್ಲ ಎಂದು ಹೊನ್ನೂರಪ್ಪನಿಗೆ ಹೇಳಿ ನಾನು ಹೊರಟೆ.

ಹೋಗಲೋ ಬೇಡವೋ ಎಂದು ಕಾಲುವೆ ದಂಡೆಯಲ್ಲಿ ಎಮ್ಮೆಗಳ ಜೊತೆ ಆಲಾಪ ಪೂರ್ತಿ ಕಳೆದೆ. ಓಂಕಾರಪ್ಪನ ಮನೆ ಮುಟ್ಟುವಾಗ ತಬಲಾ ಬಿದ್ದು ಬಹಳ ಹೊತ್ತಾಗಿತ್ತು. ಅವನು ಜಗಲಿಯ ಮೇಲೆ ಕೆಲಸವಿಲ್ಲದೆ ಕೂತಿದ್ದ. ಅವನ ಮುಖ ನೋಡಿ ನಾನು ಬೀದಿಯಲ್ಲೇ ನಿಂತೆ.

"ಮೂವತ್ತೊಂದು ವರ್ಷ," ಎಂದ. "ಮೂವತ್ತೊಂದು ವರ್ಷ ಊರ ಕೆಮ್ಮಿಗೆ ಉಂಡಿದೀನಿ ನಾನು. ಸ್ವಂತ ಕೆಮ್ಮು ಉಪ್ಪಿನಕಾಯಿ ಮೇಲೆ ಇತ್ತು."

"ತಪ್ಪಾಯ್ತು."

"ನಮ್ಮಮ್ಮ ಸಾಯೋವರೆಗೂ ಕೊರಗಿದ್ರು. ಆ ಹುಡುಗಿ ಒಬ್ಬಟ್ಟಾದ್ರೂ ತಿನ್ಬೇಕಾಗಿತ್ತು ಕಣೋ ಅಂತಿದ್ರು. ಒಂದು ಸಲ ಮಗುಚಿ ನೋಡಿದ್ರೆ ಏನಾಗ್ತಿತ್ತು ರೀ ನಿಮ್ಗೆ?"

"ನೀವೂ ಮಗುಚ್ಲಿಲ್ವಲ್ಲ. ದಿನಾ ಭರಣಿ ತೆಗೀತಿದ್ರಿ," ಎಂದುಬಿಟ್ಟೆ. ತಪ್ಪೊಪ್ಪಿಕೊಳ್ಳಲು ಹೋಗಿ ಜಗಳಕ್ಕೆ ನಿಲ್ಲುವುದು ನನ್ನ ಹುಟ್ಟುಗುಣ. ಆಮೇಲೆ ಅದೂ ಸಾಲದೆ ನಿಜವನ್ನೂ ಹೇಳಿಬಿಟ್ಟೆ. "ಎರಡು ಗೀರು ಕಂಡಾಗ ನನಗೆ ಅಳು ಬಂದಿತ್ತು ಓಂಕಾರಪ್ಪನವ್ರೇ. ಕಣ್ಣಲ್ಲಿ ನೀರು ತುಂಬ್ಕೊಂಡು ಸುತ್ತು ಕಾಣ್ಲಿಲ್ಲ. ನಿಮ್ಮನ್ನ ಒಪ್ಕೊಂಡೇ ಬಂದಿದ್ದೆ. ಒಪ್ಕೊಳ್ದೆ ಇದ್ದಿದ್ರೆ ಸರಿಯಾಗಿ ಓದ್ತಿದ್ದೆ."

ಅವನು ಬಾಯಿ ತೆರೆದು ಏನೋ ಹೇಳಲು ಹೊರಟ. ಅಷ್ಟರಲ್ಲಿ ನಾಲ್ಕೂ ಹಾರ್ನುಗಳಿಂದ, ಪಕ್ಕದಲ್ಲೇ ಕೂತು ಕೆಮ್ಮಿದಷ್ಟು ಸ್ಪಷ್ಟವಾಗಿ ಬಂತು. ಖೊಕ್.

ಊರೆಲ್ಲ ಹೋ ಎಂದಿತು. ಮನೆಮನೆಯಲ್ಲೂ ತಟ್ಟೆಗಳ ಸದ್ದು. ನಾನು ಅವನ ಬಾಗಿಲ ಮುಂದೆ ನಿಂತಿದ್ದೆ, ಇನ್ನು ಅವನು ಕರೆಯದೆ ವಿಧಿಯಿರಲಿಲ್ಲ. "ಬನ್ನಿ," ಎಂದ, ಮುಖ ಬೇರೆ ಕಡೆ ತಿರುಗಿಸಿಕೊಂಡು. ಎರಡು ಎಲೆ ಹಾಕಿದ. ಅನ್ನ, ಹುರುಳಿ ಸಾರು, ಅದೇ ನಿಂಬೆಕಾಯಿ ಉಪ್ಪಿನಕಾಯಿ. ಭರಣಿಯ ಮೇಲೆ ಈಗ ಒಂದು ತಟ್ಟೆ ಬೋರಲು ಹಾಕಿತ್ತು. ಪಿಟೀಲು ಬಂದ ಕೂಡಲೇ ನಾನು ಏಳಬೇಕು, ಎದ್ದ ಮೇಲೆ ಮತ್ತೆ ಈ ಬೀದಿಗೆ ಬರಲು ನನಗೆ ಯಾವ ನೆಪವೂ ಇಲ್ಲ ಎಂದು ಲೆಕ್ಕ ಹಾಕುತ್ತಾ, ಸಾಧ್ಯವಾದಷ್ಟು ಸಣ್ಣ ತುತ್ತು ಮಾಡಿದೆ.

ಖೊಕ್.

ಇಬ್ಬರೂ ತಲೆ ಎತ್ತಿದೆವು. ಗಾಯಕಿ ಎರಡು ಸಾಲು ಹಾಡಿದರು, ಪಿಟೀಲು ಇನ್ನೇನು ಬರಬೇಕು, ಮತ್ತೆ ಖೊಕ್. ಸ್ವಲ್ಪ ಹೊತ್ತಿಗೆ ಮತ್ತೆ ಖೊಕ್.

"ನೀವು ಸರಿಯಾಗಿ ಒರೆಸ್ಲಿಲ್ಲ," ಎಂದ ಓಂಕಾರಪ್ಪ, ಬೆರಳಿನಿಂದ ಉಪ್ಪಿನಕಾಯಿಯನ್ನು ತೋರಿಸಿ. "ಸಾಸಿವೆ."

ಹೌದು, ಒಂದು ಸಾಸಿವೆ ಕಾಳು ಗೆರೆಯೊಳಗೆ ಕೂತು ಮುಳ್ಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಊರಿನಲ್ಲಿ ಊಟದ ಹೊತ್ತು ಮುಗಿಯಲು ಒಪ್ಪುತ್ತಿರಲಿಲ್ಲ. ಮೂರು ದಿನದ ಹಸಿವಿದ್ದವರು ಖುಷಿಯಾಗಿ ಮತ್ತೆ ಬಡಿಸಿಕೊಂಡರು. ಓಂಕಾರಪ್ಪ ನನ್ನ ಎಲೆಗೆ ಅನ್ನ ಹಾಕಿದ. ಆಮೇಲೆ ಎದ್ದು ಹೋಗಿ ನಾನು ಜಗಲಿಯಲ್ಲಿ ಇಟ್ಟುಬಂದಿದ್ದ ಕೊಡೆ ತಂದು, ಊಟದ ನಡುವೆಯೇ ಎಡಗೈಯಲ್ಲಿ ಬಿಚ್ಚಿ ನೋಡಿದ. "ಇದಕ್ಕೆ ಒಂದು ದಿನದಲ್ಲಿ ಆಗಲ್ಲ. ನಾಲ್ಕೈದು ಸಲ ಬರ್ಬೇಕಾಗುತ್ತೆ," ಎಂದ. ಎರಡು ಕಡ್ಡಿ ಹಾಕಲು ಎಷ್ಟು ಹೊತ್ತು ಬೇಕೆಂದು ನನಗೂ ಗೊತ್ತು. ನಾನು ಸಾರು ಹಾಕಿಸಿಕೊಂಡೆ.

ಎಷ್ಟೋ ಕೆಮ್ಮುಗಳಾದ ಮೇಲೆ ಬಾಗಿಲಲ್ಲಿ ಹೊನ್ನೂರಪ್ಪ ಕಾಣಿಸಿಕೊಂಡ. ಗೋಡೆ ಹಿಡಿದುಕೊಂಡು ಬಂದ. ಬೆವರುತ್ತಿದ್ದ, ಗಲ್ಲಕ್ಕೆ ಪಾಯಸ ಮೆತ್ತಿತ್ತು.

"ಅಕ್ಕಾ," ಎಂದ ಕಷ್ಟಪಟ್ಟು. "ನಿನ್ನ ಅಪ್ಪಣೆ ಕೇಳೋಕೆ ಓಡ್ ಬಂದೆ. ಓಡ್ತಾ ಓಡ್ತಾ ಯಾರದೋ ಬಾಗಿಲ ಮುಂದೆ ಬರ್ತೀನಿ, ಅಲ್ಲೇ ಕೆಮ್ಮು ಬೀಳುತ್ತೆ. ಅವರು ಕರೀತಾರೆ, ನಾನು ಹೋಗ್ಬೇಕು. ಏಳು ಮನೇಲಿ ಉಂಡೆ ಅಕ್ಕ. ನಿಮ್ಮ ಅತ್ತಿಗೆ ಮನೇಲೂ ಉಂಡೆ."

"ಅಯ್ಯೋ ಪಾಪ," ಎಂದೆ, ಮನಸ್ಸಿನಿಂದಲೇ.

"ಮುಳ್ಳನ್ನ ಒಂಚೂರು ಮುಂದಕ್ಕೆ ನೂಕಿದ್ರೆ ಆಗೋಯ್ತು. ನೂಕ್ಲಾ ಅಕ್ಕ?"

ಖೊಕ್, ಎಂದಿತು ಗೋಪುರ. ಓಂಕಾರಪ್ಪ ಮೂರನೇ ಎಲೆ ಹಾಸಿದ. ಹೊನ್ನೂರಪ್ಪ ಅದನ್ನು ನೋಡಿ ಕುಸಿದು ಕೂತ. ನಾನು ಓಂಕಾರಪ್ಪನ ಕಡೆ ನೋಡಿದೆ. ಅವನು ನನ್ನ ಕಡೆ ನೋಡದೆ, ಅನ್ನದ ಸೌಟನ್ನು ನನ್ನ ಎಲೆಯ ಮೇಲೆ ಹಿಡಿದು, ಹಾಕಲೋ ಬೇಡವೋ ಎಂದು ಕಾಯುತ್ತಿದ್ದ. ಅಂದು ಬಾಗಿಲ ಸಂದಿಯಲ್ಲಿ ಕಂಡದ್ದೇ ನಗು, ಹಲ್ಲು ಎರಡು ಕಡಿಮೆ.

"ನೂಕು," ಎಂದೆ ಹೊನ್ನೂರಪ್ಪನಿಗೆ. "ಆದ್ರೆ ಓಡ್ಬೇಡಪ್ಪ, ಊಟ ಆದ್ಮೇಲೆ ಓಡ್ಬಾರ್ದು. ನಿಧಾನವಾಗಿ, ಬೀದಿ ಬೀದಿ ಸುತ್ತಿಕೊಂಡು, ನಡ್ಕೊಂಡೇ ಹೋಗು."

ಅವನು ಹೇಗೋ ಎಲೆ ಮುಗಿಸಿ, ಹೊಟ್ಟೆ ಹಿಡಿದುಕೊಂಡು ಹೊರಟ. ಬೀದಿ ಸುತ್ತಿಕೊಂಡು ಹೋದರೆ ಗೋಪುರಕ್ಕೆ ನಲವತ್ತು ಬಾಗಿಲು. ನಾನು ಎಲೆಯನ್ನು ಮುಂದಕ್ಕೆ ಸರಿಸಿ, "ಹಾಕಿ," ಎಂದೆ.